ತಾರೀಖು ಕೊಟ್ಟರೂ ಬಾರದ ರೋಗಿಗಳು: ಓಪಿಡಿಯಲ್ಲಿ ಏನು ಮಾಡಬೇಕು?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಹೊರರೋಗಿ ವಿಭಾಗದ ಮೇಲ್ವಿಚಾರಣೆ ನನ್ನದು. ಮಂಗಳವಾರದ ಸಕ್ಕರೆ ಕಾಯಿಲೆ–ಬಿಪಿ ಕ್ಲಿನಿಕ್ಕಿಗೆ ಇಬ್ಬರು ಡಾಕ್ಟರು, 60 ಜನರಿಗೆ ತಾರೀಖು. ಅವರಲ್ಲಿ 18–20 ಜನ ಬರುವುದೇ ಇಲ್ಲ. ಹನ್ನೆರಡಕ್ಕೆಲ್ಲ ಡಾಕ್ಟರು ಖಾಲಿ. ಬಾರದವರಲ್ಲಿ ಕೆಲವರು ಬುಧವಾರವೋ ಗುರುವಾರವೋ ಬಂದು ಬೇರೆ ಕ್ಲಿನಿಕ್ಕಿನ ಬಾಗಿಲಲ್ಲಿ ನಿಲ್ಲುತ್ತಾರೆ, ಗದ್ದಲವಾಗುತ್ತದೆ. ಫೋನು ಮಾಡಿದರೆ ಅರ್ಧ ನಂಬರು ಹತ್ತುವುದಿಲ್ಲ. 60ರ ಬದಲು 75 ಜನರನ್ನು ಕರೆಯೋಣವೇ? ತಪ್ಪಿಸಿದವರಿಗೆ 50 ರೂಪಾಯಿ ದಂಡ ಹಾಕುವ ಮಾತು ಆಡಳಿತ ಮಂಡಳಿಯಲ್ಲಿ ಬಂದಿದೆ. ಎಸ್‌ಎಂಎಸ್ ಸಾಫ್ಟ್‌ವೇರ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಮೂರಕ್ಕೂ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. 75 ಜನರನ್ನು ಕರೆಯಬೇಡಿ. ದಂಡ ಹಾಕಲೇಬೇಡಿ. ಸಾಫ್ಟ್‌ವೇರ್ ಬೇಕು, ಆದರೆ ಅದು ಮೂರನೆಯ ತಿಂಗಳ ಕೆಲಸ. ನಮ್ಮ ಕಡೆ ಹೊರರೋಗಿ ಚೀಟಿಯ ಮೇಲೆ ತಾರೀಖು ಬರೆಯುವವರು ಸಾಮಾನ್ಯವಾಗಿ ರೋಗಿಯನ್ನು ಏನೂ ಕೇಳುವುದಿಲ್ಲ. ‘ಮುಂದಿನ ತಿಂಗಳು ಬಾ’ ಎಂದು ಬರೆದು ಚೀಟಿ ದೂಡುತ್ತಾರೆ. ಆ ದಿನ ತೊಗರಿ ರಾಶಿ ಇದೆಯೋ, ಮಗಳ ಸೀಮಂತ ಇದೆಯೋ, ಊರಿನ ಬಸ್ಸು ಎಷ್ಟಕ್ಕೆ ಬಂದು ಮುಟ್ಟುತ್ತದೋ ಯಾರಿಗೂ ಗೊತ್ತಿಲ್ಲ. ಮೊದಲು ಸರಿಪಡಿಸಬೇಕಾದ್ದು ಈ ಕೌಂಟರನ್ನೇ.

ಅದಕ್ಕೂ ಮುಂಚೆ ಲೆಕ್ಕ. ‘60ರಲ್ಲಿ 18 ಬರಲಿಲ್ಲ, ಅಂದರೆ ಶೇ 30’ ಎಂದು ರಿಜಿಸ್ಟರ್ ಹೇಳುತ್ತದೆ. ಆ 18ರಲ್ಲಿ ಹಲವು ಬಗೆಯವರಿರುತ್ತಾರೆ. ಒಂದು ಮಂಗಳವಾರವನ್ನು ಉದಾಹರಣೆಗೆ ಬಿಡಿಸಿ ನೋಡೋಣ. 60 ಜನರಲ್ಲಿ 4 ಮಂದಿ ಎರಡು ದಿನ ಮೊದಲೇ ಹೇಳಿ ತಾರೀಖು ಬದಲಿಸಿಕೊಂಡಿದ್ದಾರೆ, ಇಬ್ಬರದ್ದನ್ನು ಆಸ್ಪತ್ರೆಯೇ ಮುಂದೂಡಿದೆ. ಉಳಿದವರು 54. ಅವರಲ್ಲಿ ಡಾಕ್ಟರ ಮುಂದೆ ಕೂತವರು 36, ಕೂರದವರು 18. ಈ 18ರಲ್ಲಿ 5 ಜನ ಸೋಮವಾರವೋ ಬುಧವಾರವೋ ಬಂದು ತೋರಿಸಿಕೊಂಡು ಹೋಗಿದ್ದಾರೆ. 3 ಜನ ಮಂಗಳವಾರವೇ ಬಂದಿದ್ದಾರೆ, ಟೋಕನ್ ತಗೊಂಡು ಎರಡು ಗಂಟೆ ಕಾದು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗಿದ್ದಾರೆ. ಹೇಳದೆ ಕೇಳದೆ ನಿಜವಾಗಿ ಬಾರದವರು 10. ಅಂದರೆ 54ಕ್ಕೆ 10, ಶೇ 18.5. ಈ ಮೂರು ಗುಂಪಿಗೂ ಮದ್ದು ಬೇರೆ ಬೇರೆ. ಕಾದು ಹೋದವರಿಗೆ ಎಸ್‌ಎಂಎಸ್ ಕಳಿಸಿ ಏನು ಪ್ರಯೋಜನ? ಅವರು ಬಂದಿದ್ದರು, ನಾವು ನೋಡಲಿಲ್ಲ.

ಆರು ವಾರ ಈ ಲೆಕ್ಕವನ್ನು ಕೈಬರಹದಲ್ಲೇ ಇಡಿ. ರಿಜಿಸ್ಟರಿನಲ್ಲಿ ಬೇಕಾದ ಅಂಕಣಗಳು ಇಷ್ಟೇ: ತಾರೀಖು ಬರೆದ ದಿನ, ಬರಬೇಕಾದ ದಿನ, ಊರು ಮತ್ತು ತಾಲ್ಲೂಕು, ಹೊಸಬರೋ ಹಳಬರೋ, ಹಿಂದೆ ತಪ್ಪಿಸಿದ್ದಾರೆಯೇ, ಆ ದಿನ ಏನಾಯಿತು. ಕೊನೆಯ ಅಂಕಣಕ್ಕೆ ಐದೇ ಗುರುತು ಸಾಕು: ನೋಡಲಾಯಿತು, ಮೊದಲೇ ತಿಳಿಸಿದರು, ನಾವು ಬದಲಿಸಿದೆವು, ಕಾದು ಹೋದರು, ಬರಲಿಲ್ಲ. ಬೇರೆ ದಿನ ಬಂದವರನ್ನು ಆ ದಿನದ ರಿಜಿಸ್ಟರಿನಿಂದ ಹುಡುಕಿ ವಾರದ ಕೊನೆಗೆ ಹೊಂದಿಸಿ. ಇದನ್ನು ಒಬ್ಬರೇ ಮಾಡಬೇಕು. ಮೂವರು ಕೈ ಹಾಕಿದರೆ ‘ಬರಲಿಲ್ಲ’ ಎಂಬುದಕ್ಕೆ ಮೂರು ಅರ್ಥ ಹುಟ್ಟುತ್ತವೆ.

ಈ ಪುಟಗಳಲ್ಲಿ ಎರಡು ಸಂಗತಿ ಕಾಣುತ್ತವೆ. ಹಲವು ದೇಶಗಳ ಓಪಿಡಿಗಳಲ್ಲೂ ಇವು ಮತ್ತೆ ಮತ್ತೆ ಕಂಡಂಥವೇ. ತಾರೀಖು ಬರೆದ ದಿನಕ್ಕೂ ಬರಬೇಕಾದ ದಿನಕ್ಕೂ ಅಂತರ ಹೆಚ್ಚಿದಷ್ಟೂ ತಪ್ಪುವವರು ಹೆಚ್ಚು. ಹಿಂದೆ ತಪ್ಪಿಸಿದವರೇ ಮುಂದೆಯೂ ತಪ್ಪಿಸುವ ಸಂಭವ ಹೆಚ್ಚು. ಇವೆರಡರ ಜೊತೆಗೆ ‘ಹತ್ತುವ ಫೋನ್ ನಂಬರು ಇಲ್ಲ’ ಎಂಬುದನ್ನೂ ಸೇರಿಸಿ. ನಾಲ್ಕು ವಾರಕ್ಕಿಂತ ದೂರದ ತಾರೀಖು, ಹಿಂದೊಮ್ಮೆ ತಪ್ಪಿಸಿದ್ದು, ಫೋನ್ ಇಲ್ಲದಿರುವುದು, ಈ ಮೂರರಲ್ಲಿ ಎರಡು ಇರುವ ರೋಗಿಯ ಹೆಸರಿನ ಮುಂದೆ ಕೆಂಪು ಚುಕ್ಕಿ ಇಡಿ. ಅವರ ವಿಷಯದಲ್ಲಿ ಸಂದೇಶ ಕಳಿಸಿದ್ದಷ್ಟಕ್ಕೇ ನಿಲ್ಲಬೇಡಿ, ಮನುಷ್ಯರೇ ಮಾತಾಡಿ ವಿಚಾರಿಸಲಿ.

ಈಗ ಕೌಂಟರಿಗೆ ಬರೋಣ. ತಾರೀಖು ಬರೆಯುವವರು ಮೂರು ಪ್ರಶ್ನೆ ಕೇಳಬೇಕು, ಒಂದು ನಿಮಿಷದ ಕೆಲಸ. ‘ಯಾವ ವಾರ ನಿಮಗೆ ಅನುಕೂಲ? ನಿಮ್ಮೂರ ಬಸ್ಸು ಇಲ್ಲಿಗೆ ಎಷ್ಟಕ್ಕೆ ಮುಟ್ಟುತ್ತದೆ? ಆ ಹೊತ್ತಿಗೆ ಊರಲ್ಲೇ ಇರ್ತೀರೋ, ದುಡಿಯಲಿಕ್ಕೆ ಹೋಗ್ತೀರೋ?’ ಮೂರನೆಯ ಪ್ರಶ್ನೆ ಬಹಳ ಮುಖ್ಯ. ಯಾದಗಿರಿಯ ಎಷ್ಟೋ ಮನೆಗಳವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಕಲಬುರಗಿ–ಬೀದರಿನ ತಾಂಡಾಗಳವರು ಮುಂಬೈ–ಪುಣೆಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ. ನಾಲ್ಕು ತಿಂಗಳು ಊರಲ್ಲಿ ಇಲ್ಲದವರಿಗೆ ತಿಂಗಳು ತಿಂಗಳು ತಾರೀಖು ಬರೆದರೆ ನಾಲ್ಕು ಖಾಲಿ ಜಾಗ ನಾವೇ ಮಾಡಿಟ್ಟ ಹಾಗೆ. ಅಂಥವರಿಗೆ ಹೋಗುವ ಮುಂಚಿನ ವಾರಕ್ಕೆ ತಾರೀಖು ಕೊಡಿ. ಡಾಕ್ಟರು ಒಪ್ಪಿದರೆ ಮೂರು ತಿಂಗಳ ಔಷಧಿ ಕೊಟ್ಟು, ಔಷಧಿಯ ಹೆಸರು, ಪ್ರಮಾಣ, ಕೊನೆಯ ಬಿಪಿ–ಸಕ್ಕರೆಯ ಅಂಕಿ ಬರೆದ ಒಂದು ಹಾಳೆಯನ್ನು ಕೈಗಿಡಿ. ಅವರು ಇಳಿದುಕೊಂಡ ಊರಿನ ಯಾವ ಡಾಕ್ಟರಿಗೆ ತೋರಿಸಿದರೂ ಅದು ಉಪಯೋಗಕ್ಕೆ ಬರುತ್ತದೆ.

ತಾರೀಖು ಬರೆಯುವ ಮೇಜಿನ ಮೇಲೆ ನಮ್ಮ ಕಡೆಯ ಪಂಚಾಂಗವಿರುವ ಕ್ಯಾಲೆಂಡರು ಇರಲೇಬೇಕು. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಆಸ್ಪತ್ರೆಗೆ ಯಾರು ಬರುತ್ತಾರೆ? ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ, ಹೋಳಿಯ ನಂತರದ ಐದನೆಯ ದಿನ ಕಲಬುರಗಿಯ ಶರಣಬಸವೇಶ್ವರ ರಥೋತ್ಸವ. ಬಂದೇ ನವಾಜರ ಉರುಸು ಹಿಜರಿ ಚಾಂದ್ರಮಾನದ ಲೆಕ್ಕದ್ದಾದ್ದರಿಂದ ಪ್ರತಿವರ್ಷ ಹತ್ತು–ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಹೋದ ವರ್ಷದ ಕ್ಯಾಲೆಂಡರು ನಂಬುವಂತಿಲ್ಲ. ಈ ದಿನಗಳಿಗೆ ಅರ್ಧ ಸಂಖ್ಯೆಯಷ್ಟೇ ತಾರೀಖು ಕೊಡಿ. ನವೆಂಬರಿನಿಂದ ಜನವರಿಯವರೆಗೆ ಹತ್ತಿ ಬಿಡಿಸುವುದು, ತೊಗರಿ ಕೊಯ್ಲು ಮತ್ತು ರಾಶಿ. ಆಗ ಆಳು ಸಿಗುವುದೇ ಕಷ್ಟ, ಒಂದು ದಿನ ಬಿಟ್ಟರೆ ಕೂಲಿಯೂ ಹೋಯಿತು, ಫಸಲೂ ಹೊಲದಲ್ಲೇ ಉಳಿಯಿತು. ಏಪ್ರಿಲ್–ಮೇಯಲ್ಲಿ ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಸೀಮೆ ನಮ್ಮದು. ಆ ಎರಡು ತಿಂಗಳು ಹನ್ನೆರಡು ಗಂಟೆಯ ಹೊತ್ತನ್ನು ವಯಸ್ಸಾದವರಿಗೆ ಕೊಡಬಾರದು. ಇನ್ನೊಂದೆಡೆ, ಸಂತೆಯ ದಿನ ನಮಗೆ ಅನುಕೂಲ. ಹಳ್ಳಿಯವರು ಹೇಗೂ ಊರಿಗೆ ಬರುತ್ತಾರೆ. ಕ್ಲಿನಿಕ್ಕಿನ ವಾರವನ್ನೇ ಸಂತೆಯ ವಾರಕ್ಕೆ ಹೊಂದಿಸಲು ಸಾಧ್ಯವಿದ್ದರೆ ಹೊಂದಿಸಿ.

ತಾರೀಖನ್ನು ಅಂಕಿಯಲ್ಲಷ್ಟೇ ಬರೆದು ಬಿಡಬೇಡಿ. ‘12ನೇ ತಾರೀಖು’ ಎಂದರೆ ಮರೆಯುವವರು ‘ಅಮಾಸಿ ಆದ ಮೇಲಿನ ಮಂಗಳವಾರ’ ಎಂದರೆ ಮರೆಯುವುದಿಲ್ಲ. ಚೀಟಿ ಕೈಗಿಡುವ ಮುಂಚೆ ‘ಮತ್ತ ಯಾವಾಗ ಬರ್ತೀರಿ, ಹೇಳ್ರಿ ನೋಡೋಣು’ ಎಂದು ಅವರ ಬಾಯಿಂದಲೇ ಹೇಳಿಸಿ. ಓದು ಬಲ್ಲವರಿದ್ದರೆ ಚೀಟಿಯ ಮೇಲೆ ಅವರ ಕೈಯಿಂದಲೇ ಬರೆಸಿ. ಇದಕ್ಕೆ ಖರ್ಚು ಏನೂ ಇಲ್ಲ.

ಗರ್ಭಿಣಿಯರ ತಪಾಸಣೆಗೆ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಪ್ರತಿ ತಿಂಗಳ 9ನೇ ತಾರೀಖನ್ನು ಗೊತ್ತುಮಾಡಿರುವುದರ ಹಿಂದೆ ಇಂಥದೇ ಅನುಕೂಲವಿದೆ: ಎಲ್ಲರಿಗೂ ಒಂದೇ ದಿನವಾದರೆ ಕೇರಿಯೇ ನೆನಪಿಸುತ್ತದೆ.

ಹೊತ್ತಿನ ವಿಷಯ. ನಾಲ್ಕು ಗಂಟೆ, ಇಬ್ಬರು ಡಾಕ್ಟರು, 60 ರೋಗಿ ಎಂದರೆ ತಲಾ 8 ನಿಮಿಷ. 9.00, 9.08, 9.16 ಎಂದು ಕೊಡುವುದು ನಮ್ಮ ಬಸ್ಸುಗಳ ನಡುವೆ ನಡೆಯದು. ಎಲ್ಲರಿಗೂ ‘ಬೆಳಿಗ್ಗೆ 9’ ಎಂದು ಬರೆಯುವುದು ಅದಕ್ಕಿಂತ ಕೆಟ್ಟದ್ದು. ಕಾದು ಎದ್ದು ಹೋಗುವ ಆ ಮೂವರು ಹುಟ್ಟುವುದೇ ಅಲ್ಲಿಂದ. ಗಂಟೆಯ ಲೆಕ್ಕದಲ್ಲಿ ಕೊಡಿ, ಗಂಟೆಗೆ 15 ಜನ. 9ರ ಗುಂಪು ಅದೇ ಊರಿನವರಿಗೆ, 10 ಮತ್ತು 11ರ ಗುಂಪು ಹುಣಸಗಿ, ಗುರುಮಠಕಲ್ ಕಡೆಯ ದೂರದವರಿಗೆ. ಅವರು ಮಧ್ಯಾಹ್ನದ ಬಸ್ಸು ಹಿಡಿಯುವಂತಿರಬೇಕು. ಕೊನೆಯ ಗಂಟೆಗೆ ಹೆಚ್ಚು ಬರೆಯಬೇಡಿ. ಬೆಳಗಿನ ತಡವೆಲ್ಲ ಅಲ್ಲಿಗೆ ಬಂದು ಸೇರುತ್ತದೆ. 1952ರಷ್ಟು ಹಿಂದೆಯೇ ಬ್ರಿಟನ್ನಿನಲ್ಲಿ ಬೈಲಿ ಮತ್ತು ವೆಲ್ಚ್ ಎಂಬವರು ಸರತಿಯ ಗಣಿತ ಹಾಕಿ, ಕ್ಲಿನಿಕ್ ಶುರುವಾಗುವಾಗ ಇಬ್ಬರು ರೋಗಿಗಳು ಸಿದ್ಧರಿರಲಿ, ಆಮೇಲೆ ಒಬ್ಬೊಬ್ಬರೇ ಬರಲಿ ಎಂದಿದ್ದರು. ಮೊದಲನೆಯವರು ತಡವಾದರೂ ಡಾಕ್ಟರು ಖಾಲಿ ಕೂರುವುದಿಲ್ಲ, ಉಳಿದವರ ಕಾಯುವಿಕೆಯೂ ಬೆಳೆಯುವುದಿಲ್ಲ. ನಿಮ್ಮಲ್ಲಿ ಇಬ್ಬರು ಡಾಕ್ಟರು, ಆದ್ದರಿಂದ ನಾಲ್ವರು ಸಿದ್ಧರಿರಲಿ.

ಇದೆಲ್ಲ ನಿಲ್ಲುವುದು ಒಂದೇ ಷರತ್ತಿನ ಮೇಲೆ: ಡಾಕ್ಟರು 9ಕ್ಕೆ ಕುರ್ಚಿಯಲ್ಲಿರಬೇಕು. ವಾರ್ಡಿನ ರೌಂಡ್ಸ್ ಮುಗಿಸಿ 10.30ಕ್ಕೆ ಬರುವ ರೂಢಿಯಿದ್ದರೆ ಕ್ಲಿನಿಕ್ಕನ್ನು 10.30ಕ್ಕೆ ಎಂದೇ ಬರೆಯಿರಿ. ಎರಡು ಸಲ ಸುಮ್ಮನೆ ಕಾದ ರೋಗಿ ಮೂರನೆಯ ಸಲ ತನ್ನ ಹೊತ್ತಿಗೆ ಬರುತ್ತಾನೆ, ಇಲ್ಲವೇ ಬರುವುದಿಲ್ಲ. ಡಾಕ್ಟರ ರಜೆ, ತರಬೇತಿ, ಶಿಬಿರದ ಓಡಾಟ ನಾಲ್ಕು ವಾರ ಮೊದಲೇ ಕೌಂಟರಿಗೆ ತಿಳಿಯಬೇಕು. ತುರ್ತಾಗಿ ರದ್ದಾದರೆ ಹಿಂದಿನ ಸಂಜೆಯೇ ಎಲ್ಲರಿಗೂ ಕರೆ ಹೋಗಬೇಕು. ಕೂಲಿ ಬಿಟ್ಟು ಬಂದವರಿಗೆ ‘ಇವತ್ತು ಡಾಕ್ಟರಿಲ್ಲ’ ಎಂದು ಬಾಗಿಲಲ್ಲಿ ಹೇಳುವ ಆಸ್ಪತ್ರೆಗೆ, ಬಾರದ ರೋಗಿಯನ್ನು ದೂರುವ ಹಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ನಿಮ್ಮದು ಸಕ್ಕರೆ ಕಾಯಿಲೆಯ ಕ್ಲಿನಿಕ್ ಆದ್ದರಿಂದ ಇನ್ನೊಂದು ತೊಡಕು. ‘ಹೊಟ್ಟೆಗಿಲ್ಲದೆ ಬನ್ನಿ’ ಎಂದು ಬರೆದರೆ, ದೂರದ ಹಳ್ಳಿಯವರು ಬೆಳಗಿನ ಬಸ್ಸಿಗೆ ಬಂದು, ಹತ್ತೂವರೆಗೆ ರಕ್ತ ಕೊಟ್ಟು, ಹನ್ನೆರಡಕ್ಕೆ ರಿಪೋರ್ಟ್ ಬರುವವರೆಗೆ ಖಾಲಿ ಹೊಟ್ಟೆಯಲ್ಲಿ ಕೂರುತ್ತಾರೆ. ಇನ್ಸುಲಿನ್ ಅಥವಾ ಗುಳಿಗೆ ಮನೆಯಲ್ಲೇ ತಗೊಂಡು ಬಂದವರಿಗೆ ಸಕ್ಕರೆ ಇಳಿದು ಬೆವರಿ ತಲೆ ತಿರುಗುತ್ತದೆ. ಒಮ್ಮೆ ಹೀಗಾದವರು ಮತ್ತೆ ಬರಲು ಹಿಂಜರಿಯುತ್ತಾರೆ. ರಕ್ತ ತೆಗೆಯುವವರು 8ಕ್ಕೇ ಇರಲಿ. ಬೆಳಗಿನ ಔಷಧಿಯನ್ನು ಜೊತೆಗೆ ತಂದು, ರಕ್ತ ಕೊಟ್ಟು, ತಿಂಡಿಯೊಂದಿಗೆ ತಗೊಳ್ಳಲು ಹೇಳಿ. ಹಿಂದಿನ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ, ಮೂರು ತಿಂಗಳಿಗೊಮ್ಮೆ ಮಾಡುವ ಎಚ್‌ಬಿಎ1ಸಿ ಪರೀಕ್ಷೆಗೆ ಹೊಟ್ಟೆ ಖಾಲಿ ಬೇಕಿಲ್ಲ. ದೂರದವರಿಗೆ ಅದನ್ನೇ ಆಧಾರ ಮಾಡಿಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ರಂಜಾನ್ ತಿಂಗಳಲ್ಲಿ ಉಪವಾಸವಿರುವವರಿಗೆ ತಿಂಗಳು ಶುರುವಾಗುವ ಮೊದಲೇ ಒಂದು ಭೇಟಿ ಇಟ್ಟು ಔಷಧಿಯ ಹೊತ್ತು ಬದಲಿಸಿಕೊಡಬೇಕು. ರಂಜಾನ್ ನಡುವೆ ತಾರೀಖು ಕೊಟ್ಟು, ಬರಲಿಲ್ಲವೆಂದು ದೂರಿ ಪ್ರಯೋಜನವಿಲ್ಲ.

ಬೇಡದ ಭೇಟಿಗಳನ್ನು ಕಡಿಮೆ ಮಾಡಿದಷ್ಟೂ ತಪ್ಪುವ ಭೇಟಿಗಳೂ ಕಡಿಮೆಯಾಗುತ್ತವೆ. ಬಿಪಿ ಹಿಡಿತದಲ್ಲಿದೆ, ಗುಳಿಗೆ ಬದಲಿಲ್ಲ, ಆದರೂ ಗುಳಿಗೆಗಾಗಿ ತಿಂಗಳಿಗೊಮ್ಮೆ ಬರಬೇಕು ಎಂಬಂಥ ರೋಗಿಗಳನ್ನು ಡಾಕ್ಟರ ಜೊತೆ ಕೂತು ಗುರುತಿಸಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಗುಳಿಗೆ ಸಿಗುತ್ತದೆಯೇ ವಿಚಾರಿಸಿ ಚೀಟಿ ಅಲ್ಲಿಗೆ ಬರೆಯಿರಿ. ನಡುವೆ ಸಲಹೆ ಬೇಕಾದರೆ, ದೂರದಿಂದಲೇ ಡಾಕ್ಟರ ಜೊತೆ ಮಾತಾಡಿಸುವ ಸರ್ಕಾರಿ ಸೇವೆ ಇ–ಸಂಜೀವಿನಿ ಇದೆ. ಇನ್ನೊಂದು ಸಣ್ಣ ವಿಷಯ, ಕೆಲಸ ದೊಡ್ಡದು: ತಾರೀಖನ್ನು 30 ದಿನಕ್ಕೆ ಬರೆದರೆ ಮಂಗಳವಾರದ ರೋಗಿ ಗುರುವಾರಕ್ಕೆ ಬಂದು ಬೀಳುತ್ತಾನೆ. 28, 56, 84 ದಿನದ ಲೆಕ್ಕ ಹಿಡಿದರೆ ಅದೇ ವಾರ, ಅದೇ ಕ್ಲಿನಿಕ್. ಗುಳಿಗೆಯನ್ನು ಮಾತ್ರ 28 ದಿನದ ಭೇಟಿಗೆ 35 ದಿನದ್ದು ಕೊಡಿಸಿ. ಒಂದು ವಾರ ತಡವಾದರೂ ಔಷಧಿ ನಿಲ್ಲಬಾರದು. ಕ್ಲೋನಿಡಿನ್, ಬೀಟಾ ಬ್ಲಾಕರ್ ಗುಂಪಿನ ಗುಳಿಗೆಗಳು ತಟಕ್ಕನೆ ನಿಂತರೆ ಬಿಪಿ ಮೊದಲಿಗಿಂತ ಮೇಲಕ್ಕೇರುವ ಅಪಾಯವಿದೆ. ಕಣ್ಣಿನ ತಪಾಸಣೆ, ಪಾದದ ತಪಾಸಣೆ, ರಕ್ತ ಪರೀಕ್ಷೆ ಮೂರಕ್ಕೂ ಮೂರು ದಿನ ಬರಿಸಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ಜೊತೆಗೆ ಬರುವ ಮಗನಿಗೆ ಟಿಕೆಟ್ ಇದೆ, ಇಬ್ಬರಿಗೂ ಆ ದಿನದ ಕೂಲಿ ಇಲ್ಲ.

ಇನ್ನು ಫೋನು. ಅರ್ಧ ನಂಬರು ಹತ್ತದಿರುವುದಕ್ಕೆ ಕಾರಣ, ಬರೆದುಕೊಳ್ಳುವಾಗಲೇ ಅದು ರೋಗಿಯ ನಂಬರಾಗಿರಲಿಲ್ಲ. ಕರೆತಂದ ಪಕ್ಕದ ಮನೆಯವನದ್ದು, ಬೆಂಗಳೂರಲ್ಲಿರುವ ಮಗನದ್ದು, ರೀಚಾರ್ಜ್ ಮುಗಿದು ಒಳಬರುವ ಕರೆಯೂ ನಿಂತ ಸಿಮ್ಮಿನದ್ದು. ಕೌಂಟರಿನಲ್ಲಿ ನಂಬರು ಬರೆದ ತಕ್ಷಣ ಆಸ್ಪತ್ರೆಯ ಫೋನಿನಿಂದ ಅಲ್ಲೇ ಒಂದು ರಿಂಗ್ ಕೊಡಿ. ರೋಗಿಯ ಕಿಸೆಯಲ್ಲಿ ಅದು ಬಾರಿಸಿದರೆ ನಂಬರು ಸರಿ, ಜೊತೆಗೆ ನಮ್ಮ ನಂಬರು ಅವರ ಫೋನಿಗೆ ಬಂತು, ‘ದವಾಖಾನಿ’ ಎಂದು ಅಲ್ಲೇ ಸೇವ್ ಮಾಡಿಸಿ. ಗೊತ್ತಿಲ್ಲದ ನಂಬರನ್ನು ಈಗ ಯಾರೂ ಎತ್ತುವುದಿಲ್ಲ. ಎರಡನೆಯ ನಂಬರನ್ನೂ ತಗೊಳ್ಳಿ, ಅದು ಯಾರದು ಎಂದು ಬರೆಯಿರಿ. ಪ್ರತಿ ಭೇಟಿಯಲ್ಲೂ ‘ನಂಬರು ಅದೇ ಅದೇನ್ರಿ?’ ಎಂದು ಕೇಳಿ. ಭಾಷೆಯ ಅಂಕಣವೂ ಇರಲಿ: ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ. ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು, ಆಳಂದ–ಭಾಲ್ಕಿ–ಔರಾದ್ ಕಡೆ ಮರಾಠಿ ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಎಸ್‌ಎಂಎಸ್ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ 2013ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯಲ್ಲಿ ಏನೂ ನೆನಪಿಸದ ಗುಂಪಿನಲ್ಲಿ ಶೇ 67.8 ಜನ ಬಂದಿದ್ದರೆ, ಮೊಬೈಲ್ ಸಂದೇಶ ಹೋದ ಗುಂಪಿನಲ್ಲಿ ಶೇ 78.6, ಕರೆ ಮಾಡಿದ ಗುಂಪಿನಲ್ಲಿ ಶೇ 80.3. ಸಂದೇಶಕ್ಕೂ ಕರೆಗೂ ಅಂತರ ಕಡಿಮೆ. ಓದಲು ಬಾರದವರು ಹೆಚ್ಚಿರುವ ನಮ್ಮಲ್ಲಿ ಮಾತ್ರ ಧ್ವನಿ ಸಂದೇಶ ಅಥವಾ ಕರೆಯ ತೂಕ ಹೆಚ್ಚೆಂದೇ ನಾನು ಹಿಡಿಯುತ್ತೇನೆ.

ಕೊಳ್ಳುವ ಮುಂಚೆ ತಿಳಿಯಬೇಕಾದ್ದು ಇದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದಂತೆ ಸಂಸ್ಥೆ, ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಗುರುತು), ಸಂದೇಶದ ಟೆಂಪ್ಲೇಟ್ (ಸಿದ್ಧ ಪಠ್ಯ) ಮೂರನ್ನೂ ಮೊಬೈಲ್ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ನೋಂದಾಯಿಸಬೇಕು. ನೋಂದಾಯಿಸಿದ ಪಠ್ಯಕ್ಕೂ ಕಳಿಸಿದ್ದಕ್ಕೂ ಒಂದು ಪದ ವ್ಯತ್ಯಾಸವಾದರೂ ಸಂದೇಶ ತಡೆಯಲ್ಪಡಬಹುದು. ಕನ್ನಡ ಸಂದೇಶ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ಹೋಗುತ್ತದೆ. ಒಂದು ಎಸ್‌ಎಂಎಸ್‌ಗೆ 70 ಚಿಹ್ನೆ, ಅದನ್ನು ಮೀರಿದರೆ ಭಾಗಕ್ಕೆ 67ರಂತೆ ಲೆಕ್ಕ. ಇಂಗ್ಲಿಷಿಗೆ 160 ಮತ್ತು 153. ಕನ್ನಡದಲ್ಲಿ ಗುಣಿತದ ಗುರುತು, ಒತ್ತು ಎಲ್ಲವೂ ಪ್ರತ್ಯೇಕ ಚಿಹ್ನೆ. ‘ಬೆಳಿಗ್ಗೆ’ ಕಣ್ಣಿಗೆ ಮೂರು ಅಕ್ಷರ, ಲೆಕ್ಕಕ್ಕೆ 8. ಆದ್ದರಿಂದ ಸಂದೇಶ ಬಿಗಿಯಾಗಿರಲಿ: ‘12-01 ಸೋಮವಾರ ಬೆಳಿಗ್ಗೆ 10ಕ್ಕೆ ನಿಮ್ಮ ಭೇಟಿ. ಚೀಟಿ, ಗುಳಿಗೆ ತನ್ನಿ. ಬರಲಾಗದಿದ್ದರೆ ಮಿಸ್ಡ್ ಕಾಲ್ ಕೊಡಿ:’ ಎಂದು ಬರೆದು ಹತ್ತಂಕಿಯ ನಂಬರು ಹಾಕಿದರೆ ನೂರು ಚಿಹ್ನೆಯ ಆಸುಪಾಸು. ಎರಡು ಭಾಗದ 134ರೊಳಗೆ ಆಸ್ಪತ್ರೆಯ ಹೆಸರಿಗೆ ಮೂವತ್ತು ಚಿಹ್ನೆಯಷ್ಟು ಜಾಗ ಉಳಿಯುತ್ತದೆ. ಹೆಡರ್‌ನಿಂದ ಹೋದ ಸಂದೇಶಕ್ಕೆ ರೋಗಿ ಮರಳಿ ಸಂದೇಶ ಕಳಿಸಲಾರರು. ಅದಕ್ಕೇ ನಂಬರು ಬೇಕು. ಮಿಸ್ಡ್ ಕಾಲ್ ಬಂದರೆ ಅದೇ ಸಂಜೆ ನಾವು ತಿರುಗಿ ಮಾಡಿ ಬೇರೆ ತಾರೀಖು ಕೊಡಬೇಕು. ಇದನ್ನು ಎತ್ತುವವರಿಲ್ಲದಿದ್ದರೆ ಸಂದೇಶದಲ್ಲಿ ಬರೆಯಲೇಬೇಡಿ.

ರೋಗದ ಹೆಸರಾಗಲಿ, ವಿಭಾಗದ ಹೆಸರಾಗಲಿ ಸಂದೇಶದಲ್ಲಿ ಬೇಡ. ಫೋನು ಒಂದು, ನೋಡುವವರು ಐದು ಜನ ಇರುವ ಮನೆಗಳು ನಮ್ಮವು. ಎಚ್‌ಐವಿ, ಮಾನಸಿಕ ಆರೋಗ್ಯ, ಬಂಜೆತನ, ಗರ್ಭನಿರೋಧಕ ಇವು ಒಂದು ಸಾಲಿನಿಂದ ಮನೆ ಒಡೆಯಬಲ್ಲವು. 2017ರ ಎಚ್‌ಐವಿ ಕಾಯ್ದೆ ಮತ್ತು ಮಾನಸಿಕ ಆರೋಗ್ಯ ಕಾಯ್ದೆಗಳು ಗೋಪ್ಯತೆಯನ್ನು ಕಡ್ಡಾಯ ಮಾಡಿವೆ. ಕರೆ ಮಾಡಿದಾಗಲೂ ರೋಗಿಯೇ ಮಾತಾಡುತ್ತಿದ್ದಾರೆಂದು ಖಾತ್ರಿಯಾಗದೆ ‘ದವಾಖಾನಿಯಿಂದ, ತಾರೀಖಿನ ಸಲುವಾಗಿ’ ಎಂಬುದಕ್ಕಿಂತ ಹೆಚ್ಚು ಹೇಳಬಾರದು.

ಸಂದೇಶವನ್ನು ಮೂರು ದಿನ ಮೊದಲೊಮ್ಮೆ, ಹಿಂದಿನ ಸಂಜೆ ಇನ್ನೊಮ್ಮೆ ಕಳಿಸಿ. ಮೊದಲನೆಯದು, ಬರಲಾಗದವರ ಜಾಗವನ್ನು ಬೇರೆಯವರಿಗೆ ಕೊಡಲು ಸಮಯ ಸಿಗಲೆಂದು. ಕರೆ ಎಲ್ಲರಿಗೂ ಆಗದು: 60 ಕರೆ, ತಲಾ 2 ನಿಮಿಷವೆಂದರೂ ಎರಡು ಗಂಟೆ. ಕೆಂಪು ಚುಕ್ಕಿಯವರಿಗೆ ಮಾತ್ರ ಮಾಡಿ, ಸಂಜೆ 7ರಿಂದ 8.30ರ ನಡುವೆ ಮಾಡಿ. ಹಗಲು ಹನ್ನೊಂದಕ್ಕೆ ಅವರು ಹೊಲದಲ್ಲಿರುತ್ತಾರೆ, ಫೋನು ಮನೆಯಲ್ಲಿರುತ್ತದೆ.

ಈಗ 75ರ ಪ್ರಶ್ನೆ. ಐವರಲ್ಲಿ ಒಬ್ಬರು ಬರುವುದಿಲ್ಲ ಎಂದಿಟ್ಟುಕೊಂಡರೆ 75ಕ್ಕೆ ಸರಾಸರಿ 60 ಬರುತ್ತಾರೆ, ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸರಾಸರಿ 60 ಎಂದರೆ 100 ಕ್ಲಿನಿಕ್ಕುಗಳಲ್ಲಿ ಸುಮಾರು 45ರಲ್ಲಿ 60 ಮೀರುತ್ತದೆ. 70 ಜನರನ್ನು ಕರೆದರೆ ಮೀರುವುದು 100ರಲ್ಲಿ ಸುಮಾರು 8 ಸಲ, 68 ಆದರೆ 3 ಸಲ. ಈ ಲೆಕ್ಕವೂ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಪ್ಪಿಸುತ್ತಾರೆಂಬ ಊಹೆಯ ಮೇಲೆ ನಿಂತಿದೆ. ನಮ್ಮಲ್ಲಿ ಹಾಗಲ್ಲ. ಮಳೆ ಹಿಡಿದರೆ, ರಾಶಿಯ ವಾರ ಬಂದರೆ, ಬಸ್ಸು ನಿಂತರೆ ಒಟ್ಟಿಗೇ ಬರುವುದಿಲ್ಲ. ಉಳಿದ ವಾರ ಒಟ್ಟಿಗೇ ಬರುತ್ತಾರೆ. ಮೀರಿದ ದಿನ ಕಾದು ಹೋಗುವವರು ಹೆಚ್ಚುತ್ತಾರೆ, ಅವರು ಮುಂದಿನ ಸಲ ತಪ್ಪಿಸುತ್ತಾರೆ, ಆಗ ನೀವು 80 ಬರೆಯುತ್ತೀರಿ.

ಅದರ ಬದಲು 60ರಲ್ಲಿ 50 ಜಾಗಕ್ಕೆ ಮಾತ್ರ ತಾರೀಖು ಕೊಡಿ, 10 ಜಾಗ ಆ ದಿನ ಬಂದವರಿಗೆ ಬಿಡಿ. ಶೇ 18.5ರ ಲೆಕ್ಕದಲ್ಲಿ 50ಕ್ಕೆ 41 ಜನ ಬರುತ್ತಾರೆ. ಖಾಲಿಯಾದ 9, ಬಿಟ್ಟಿಟ್ಟ 10, ಒಟ್ಟು 19 ಜಾಗ ಆ ದಿನದ ಟೋಕನ್‌ಗೆ ಸಿಕ್ಕಿತು. ಹಿಂದಿನ ವಾರ ತಪ್ಪಿಸಿದವರು, ತಾರೀಖಿಲ್ಲದೆ ಬಂದವರು ಇಲ್ಲಿ ಕೂರುತ್ತಾರೆ. ಬರುವರೋ ಇಲ್ಲವೋ ಎಂಬ ಹೆಸರುಗಳ ಬದಲು ಕಣ್ಣೆದುರು ಬೆಂಚಿನ ಮೇಲೆ ಕೂತವರಿಂದ ಜಾಗ ತುಂಬುತ್ತದೆ. ಗಂಟೆ ಶುರುವಾಗಿ 20 ನಿಮಿಷ ಕಳೆದ ಮೇಲೂ ಬಾರದವರ ಜಾಗವನ್ನು ಟೋಕನ್‌ನವರಿಗೆ ಕೊಡಿ. ಬಸ್ಸು ತಡವಾಗಿ ಆಮೇಲೆ ಬಂದವರನ್ನು ಮರಳಿ ಕಳಿಸದೆ ಮುಂದಿನ ಗಂಟೆಗೆ ಸೇರಿಸಿ. ಬುಧವಾರ ಬರುವವರಿಗೂ ‘ಮಂಗಳವಾರ ತಪ್ಪಿದರೆ ಮುಂದಿನ ಮಂಗಳವಾರ ತಾರೀಖಿಲ್ಲದೆಯೂ ನೋಡುತ್ತೇವೆ’ ಎಂದು ಚೀಟಿಯ ಹಿಂದೆ ಅಚ್ಚು ಹಾಕಿಸಿ. ಗದ್ದಲ ಮುಕ್ಕಾಲು ಅಲ್ಲಿಗೇ ಇಳಿಯಬೇಕು.

ದಂಡದ ಬಗ್ಗೆ ಆಡಳಿತ ಮಂಡಳಿಗೆ ಹೀಗೆ ಹೇಳಿ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಬಾರದಿದ್ದರೆ ಆಸ್ಪತ್ರೆಗೆ ಸುಮಾರು 160 ಪೌಂಡ್ ನಷ್ಟ’ ಎಂದು ಸಂದೇಶದಲ್ಲಿ ಬರೆದಾಗ ತಪ್ಪಿಸುವವರು ಶೇ 11.1ರಿಂದ ಶೇ 8.4ಕ್ಕೆ ಇಳಿದದ್ದು 2015ರಲ್ಲಿ ಪ್ರಕಟವಾಗಿದೆ. ಅಲ್ಲಿಯೂ ದಂಡ ಹಾಕಲಿಲ್ಲ, ಮಾತು ಬದಲಿಸಿದರು ಅಷ್ಟೇ. ನಮ್ಮಲ್ಲಿ ನಷ್ಟದ ಮಾತು ಗದರಿಸಿದಂತೆ ಕೇಳಿಸುತ್ತದೆ. ‘ನೀವು ತಿಳಿಸಿದರೆ ಆ ಜಾಗ ಇನ್ನೊಬ್ಬ ರೋಗಿಗೆ ಸಿಗುತ್ತದೆ’ ಎಂದರೆ ಸಾಕು. 50 ರೂಪಾಯಿ ದಂಡವಿದೆ ಎಂದು ತಿಳಿದ ಬಡ ರೋಗಿ ಕಾಸು ಕೂಡಿಸಿಕೊಂಡು ಬರುವ ಬದಲು ಬರುವುದನ್ನೇ ಬಿಡುತ್ತಾನೆ. ಆಮೇಲೆ ಅವನು ಕಾಣುವುದು ತುರ್ತು ಚಿಕಿತ್ಸಾ ಘಟಕದಲ್ಲಿ, ಕಾಲಿನ ಹುಣ್ಣು ಎಲುಬಿಗೆ ಇಳಿದ ಮೇಲೆ.

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಕೆಲಸ. ಕ್ಲಿನಿಕ್ ಮುಗಿದ ಮೇಲೆ ಬಾರದವರ ಕಡತಗಳನ್ನು ನರ್ಸಿಂಗ್ ಆಫೀಸರ್ ಒಬ್ಬರು ಡಾಕ್ಟರ ಜೊತೆ ಹತ್ತು ನಿಮಿಷ ಕೂತು ನೋಡಬೇಕು. ಅಂದೇ ಕರೆ ಹೋಗಬೇಕಾದವರು: ಗರ್ಭಿಣಿಯಾಗಿದ್ದು ಸಕ್ಕರೆ ಅಥವಾ ಬಿಪಿ ಇರುವವರು, ಇನ್ಸುಲಿನ್ ಹೊಸದಾಗಿ ಶುರುವಾದವರು, ಕಾಲಿನ ಹುಣ್ಣಿನವರು, ಕಳೆದ ಸಲ ಬಿಪಿ 180/110 ದಾಟಿದ್ದವರು. ಬೇರೆ ಕ್ಲಿನಿಕ್ಕುಗಳಲ್ಲಿ ಈ ಪಟ್ಟಿ ಬೇರೆ. ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುವವರು, ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಐಎನ್‌ಆರ್ ಪರೀಕ್ಷೆ ತಪ್ಪಿಸಿದರೆ ಒಂದೋ ರಕ್ತಸ್ರಾವ, ಇಲ್ಲವೇ ಕವಾಟದಲ್ಲಿ ರಕ್ತದ ಗರಣೆ. ನಾಯಿ ಕಡಿತದ ಲಸಿಕೆ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೆಯ ದಿನ. ಇಲ್ಲಿ ‘ಮುಂದಿನ ವಾರ ಬನ್ನಿ’ ಎಂಬ ಮಾತೇ ಇಲ್ಲ. ಕ್ಷಯಕ್ಕೆ ಸತತ ಒಂದು ತಿಂಗಳು ಔಷಧಿ ನಿಂತರೆ ಸರ್ಕಾರದ ಕ್ಷಯ ಕಾರ್ಯಕ್ರಮದ ದಾಖಲೆಯಲ್ಲೇ ‘ಕೈತಪ್ಪಿದವರು’ ಆಗುತ್ತಾರೆ. ಅಷ್ಟರವರೆಗೆ ಕಾಯದೆ ಮೊದಲ ವಾರದಲ್ಲೇ ಕ್ಷಯ ಮೇಲ್ವಿಚಾರಕರಿಗೆ ತಿಳಿಸಬೇಕು. ಸೊಟ್ಟ ಪಾದದ ಕೂಸಿಗೆ ವಾರ ವಾರ ಬದಲಿಸುವ ಪ್ಲಾಸ್ಟರ್ ತಪ್ಪಿದರೆ ತಿದ್ದಿದ್ದು ಹಿಂದಕ್ಕೆ ಹೋಗುತ್ತದೆ, ಚರ್ಮ ಹುಣ್ಣಾಗುತ್ತದೆ. ಮಕ್ಕಳ ವಿಷಯದಲ್ಲಿ ರಿಜಿಸ್ಟರಿನಲ್ಲಿ ‘ಬರಲಿಲ್ಲ’ ಎಂದು ಬರೆಯದೆ ‘ಕರೆತರಲಿಲ್ಲ’ ಎಂದು ಬರೆಯಿರಿ. ಆಗ ವಿಚಾರಿಸಬೇಕಾದ್ದು ಯಾರನ್ನು ಎಂಬುದು ಓದಿದವರಿಗೆ ತಿಳಿಯುತ್ತದೆ.

ಉಳಿದವರಿಗೆ ವಾರದೊಳಗೆ ಒಂದು ಕರೆ, ಅಷ್ಟೂ ಆಗದಿದ್ದರೆ ಸಂದೇಶ. ‘ಎರಡು ಸಲ ತಪ್ಪಿಸಿದರೆ ಹೆಸರು ತೆಗೆಯಿರಿ’ ಎಂಬ ನಿಯಮ ಬೇಡ. ಹೆಸರು ತೆಗೆಯುವ ಮುಂಚೆ ಡಾಕ್ಟರು ಕಡತ ನೋಡಿ ಸಹಿ ಹಾಕಲಿ. ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸುವುದು ಅಂದೇ ಕರೆ ಹೋಗಬೇಕಾದ ಪಟ್ಟಿಯವರಿಗೆ ಮಾತ್ರ, ಅದಕ್ಕೂ ರೋಗಿ ಮೊದಲೇ ಒಪ್ಪಿರಬೇಕು. ಆಶಾ ಬಾಗಿಲಿಗೆ ಬಂದರೆ ಓಣಿಗೆಲ್ಲ ಸುದ್ದಿ.

ಕರೆ ಮಾಡುವವರ ಮೊದಲ ಮಾತು ‘ಯಾಕ ಬರಲಿಲ್ಲ?’ ಆಗಬಾರದು. ‘ಅಕ್ಕಾರ, ನಮಸ್ಕಾರ್ರಿ, ದವಾಖಾನಿಯಿಂದ ಮಾತಾಡ್ಲಕತ್ತೀನ್ರಿ. ಆರಾಮ ಅದೀರೇನ್ರಿ? ಗುಳಿಗಿ ಅದಾವೋ, ಮುಗದಾವೋ? ಯಾವ ದಿನ ಬಂದ್ರ ನಿಮಗ ಅನುಕೂಲ ಆಗ್ತದ್ರಿ?’ ಇಷ್ಟೇ ಸಾಕು, ಈ ಕ್ರಮದಲ್ಲೇ. ಕಾರಣವನ್ನು ಅವರೇ ಹೇಳುತ್ತಾರೆ. ಅದನ್ನು ಅವರ ಮಾತಿನಲ್ಲೇ ಕಡತದಲ್ಲಿ ಬರೆದುಕೊಳ್ಳಿ. ವಯಸ್ಸಾದವರ ಮನೆಗೆ ಕರೆ ಮಾಡುವಾಗ ಇನ್ನೊಂದು ಎಚ್ಚರ ಬೇಕು: ಆ ರೋಗಿ ತೀರಿಕೊಂಡಿರಬಹುದು. ಹಾಗೆ ತಿಳಿದರೆ ಎರಡು ಮಾತು ಸಮಾಧಾನ ಹೇಳಿ, ಅದೇ ಗಳಿಗೆಯಲ್ಲಿ ಕಡತ ಮುಚ್ಚಿಸಿ, ಸಂದೇಶದ ಪಟ್ಟಿಯಿಂದ ಆ ನಂಬರು ತೆಗೆಸಿ. ಹದಿಮೂರನೆಯ ದಿನದ ಮನೆಗೆ ‘ನಾಳೆ ನಿಮ್ಮ ಭೇಟಿ’ ಎಂಬ ಸಂದೇಶ ಹೋಗಬಾರದು.